ಏಳನೆಯ ಸಾಮಾನು

ಖಾಲಿ ಮನೆಗೆ ಕರೆಂಟು ದಂಡ ಎಂದು ಸರ್ಕಾರಕ್ಕೆ ಹೊಳೆದ ಮೇಲೆ ರಾಜ್ಯದ ಮನೆಮನೆಯ ಗೋಡೆಗೂ ಒಂದೊಂದು ಪುಟ್ಟ ಪೆಟ್ಟಿಗೆ ಬಂದು ಕೂತಿತು. ಸ್ನಾನದ ಸೋಪಿನಷ್ಟು ದೊಡ್ಡದು. ಅದು ಕಣ್ಣಿಗೆ ಕಾಣದ ಅಲೆ ಬಿಟ್ಟು ಮನೆಯೊಳಗೆ ಜನ ಇದ್ದಾರೋ ಇಲ್ಲವೋ ಎಂದು ನೋಡುತ್ತಿತ್ತು, ಕಿವಿಯನ್ನೂ ತೆರೆದಿಟ್ಟುಕೊಂಡಿರುತ್ತಿತ್ತು. ಕಂಡದ್ದನ್ನು ಕೇಳಿದ್ದನ್ನು ಮನೆಯ ಕಂಪ್ಯೂಟರಿಗೆ ಹೇಳುತ್ತಿತ್ತು. ಬೇಸಿಗೆಯಲ್ಲಿ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ, ಊರಿಗೆ ಊರೇ ಫ್ಯಾನು, ಏಸಿ ಹಾಕಿಕೊಂಡು ಕೂರುವ ಹೊತ್ತಿನಲ್ಲಿ, 'ಮನೆ ಖಾಲಿ ಇದೆ' ಎಂದು ಕಂಪ್ಯೂಟರು ತೀರ್ಮಾನಿಸಿದರೆ ಆ ಮನೆಯ ಕರೆಂಟು ತಾನಾಗಿ ನಿಂತುಹೋಗುತ್ತಿತ್ತು. ಜನ ಮೊದಮೊದಲು ಬೈದರು, ಆಮೇಲೆ ಒಗ್ಗಿಕೊಂಡರು. ನಮ್ಮ ಜನ ಒಗ್ಗಿಕೊಳ್ಳದ್ದು ಯಾವುದಿದೆ.

ಈ ತೀರ್ಮಾನ ಮಾಡುತ್ತಿದ್ದದ್ದು 'ಮೊಗಸಾಲೆ' ಎಂಬ ಲಿನಕ್ಸ್, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ಪ್ರೋಗ್ರಾಂ. ಹಿಂದೆ ಯಾರೋ ನಾಲ್ಕು ಜನ ಹುಚ್ಚು ಹತ್ತಿಸಿಕೊಂಡು ಶುರುಮಾಡಿದ್ದು, ಈಗ ಪ್ರತಿ ಮನೆಯ ಮೇಜಿನ ಮೇಲೂ ಇತ್ತು. ಅದರ ಒಳಗನ್ನು ಯಾರು ಬೇಕಾದರೂ ಓದಬಹುದು, ತಪ್ಪು ಕಂಡರೆ ಯಾರು ಬೇಕಾದರೂ ದೂರು ಬರೆಯಬಹುದು. ಹಾಗೆ ಬಂದ ದೂರುಗಳನ್ನು ಮೊದಲು ಓದುವವರು ಮೈಸೂರಿನ ಒಂದು ಹಳೇ ಕಟ್ಟಡದ ಎರಡನೇ ಮಹಡಿಯಲ್ಲಿ ಕೂರುತ್ತಿದ್ದರು. ಅವರಲ್ಲೊಬ್ಬ ಪರಶಿವಮೂರ್ತಿ. ವಯಸ್ಸು ಐವತ್ತೆರಡು, ಹದಿನೇಳು ವರ್ಷದಿಂದ ಇದೇ ಕೆಲಸ, ಮಾತು ಕಡಿಮೆ.

ದಿನಕ್ಕೆ ಮೂರು ಸಾವಿರ ದೂರು ಬರುವ ಜಾಗದಲ್ಲಿ ನಿಯಮ ಇಲ್ಲದಿದ್ದರೆ ನಡೆಯುವುದಿಲ್ಲ. ಅಲ್ಲಿಯ ಮುಖ್ಯ ನಿಯಮಗಳು ಹೀಗಿದ್ದವು. ದೂರು ಬರೆದವರ ಜೊತೆ ಫೋನಿನಲ್ಲಿ ಮಾತಾಡಬಾರದು, ಎಲ್ಲವೂ ಎಲ್ಲರೂ ಓದುವ ದೂರಿನ ಪುಟದಲ್ಲೇ ನಡೆಯಬೇಕು. ಒಬ್ಬರಿಗೆ ಮಾತ್ರ ಕಾಣಿಸಿದ ದೋಷ ದೋಷವೇ ಅಲ್ಲ. ಇನ್ನೊಬ್ಬರು ಬಂದು 'ನನಗೂ ಹೀಗೇ' ಎಂಬ ಗುಂಡಿ ಒತ್ತಿ, ತಮ್ಮ ಕಂಪ್ಯೂಟರಿನ ಲಾಗನ್ನು, ಅಂದರೆ ಅದು ತನ್ನಷ್ಟಕ್ಕೆ ಬರೆದಿಟ್ಟುಕೊಳ್ಳುವ ದಿನಚರಿಯನ್ನು, ಹೆಸರು ಸಮೇತ ಲಗತ್ತಿಸಬೇಕು. ಆಗಲೇ ಪ್ರೋಗ್ರಾಂ ಬರೆಯುವವರು ಅದನ್ನು ಕೈಗೆತ್ತಿಕೊಳ್ಳುವುದು. ಇಪ್ಪತ್ತೊಂದು ದಿನದೊಳಗೆ ಯಾರೂ ಒತ್ತದಿದ್ದರೆ ದೂರು ತಾನಾಗಿ ಮುಚ್ಚಿಹೋಗುತ್ತದೆ.

ಏಪ್ರಿಲ್ ಮೊದಲ ವಾರದಲ್ಲಿ ಒಂದು ದೂರು ಬಂತು.

'ನಮಸ್ಕಾರ್ರೀ. ನಾ ಫಕೀರವ್ವ ಹೊಸಮನಿ, ಗದಗ ಬೆಟಗೇರಿಯಾಕಿ. ನಾ ಮನ್ಯಾಗ ಇದ್ದಾಗೂ ಕಂಪ್ಯೂಟರ್ ಮನಿ ಖಾಲಿ ಐತಿ ಅಂತೈತ್ರಿ. ಕೀಲಿಮಣಿ ಮ್ಯಾಲೆ ಒಂದು ಕೀಲಿ ಒತ್ತಿದ್ರ ಹತ್ತು ನಿಮಿಷ ನಂಬತೈತಿ. ಆಮ್ಯಾಲೆ ಮತ್ತ ಖಾಲಿ ಅಂತೈತಿ.'

ಪರಶಿವಮೂರ್ತಿ ಎಲ್ಲರಿಗೂ ಕೇಳುವ ಪ್ರಶ್ನೆಗಳನ್ನೇ ಕೇಳಿದ. ಯಾವ ಆವೃತ್ತಿ? ಯಾವತ್ತಿನಿಂದ? ಏನಾಗಬೇಕಿತ್ತು? ಏನಾಯಿತು?

ಉತ್ತರ ಬಂತು. 'ಏನಾಗಬೇಕಿತ್ತು: ನಾ ಅದೀನಿ ಅಂತ ತೋರಸಬೇಕಿತ್ತ್ರಿ. ಏನಾತು: ನಾ ಇಲ್ಲ ಅಂತ ತೋರಿಸ್ತ್ರಿ.'

ಹದಿನೇಳು ವರ್ಷದಲ್ಲಿ ಇಷ್ಟು ಚೊಕ್ಕವಾಗಿ ದೂರು ಬರೆದವರನ್ನು ಅವನು ಕಂಡಿರಲಿಲ್ಲ. ಹಳೆಯದನ್ನು ತೆಗೆದು ಹೊಸದಾಗಿ ಹಾಕಿ ನೋಡಿ ಎಂದ. ಹಾಕಿ ನೋಡಿದಳು, ಉಪಯೋಗವಾಗಲಿಲ್ಲ. ಪೆಟ್ಟಿಗೆಯ ನೆನಪು ಪೆಟ್ಟಿಗೆಯೊಳಗೇ ಉಳಿಯುತ್ತದೆ, ಕಂಪ್ಯೂಟರನ್ನು ಎಷ್ಟು ತೊಳೆದರೂ ಅದು ಹೋಗುವುದಿಲ್ಲ. ಕರೆಂಟು ತೆಗೆಯಬೇಡಿ ಎಂದು ವಿದ್ಯುತ್ ಕಚೇರಿಗೆ ಅರ್ಜಿ ಕೊಡಿ ಎಂದ. ಅದಕ್ಕೆ ಅವಳು ಸ್ವಲ್ಪ ಉದ್ದಕ್ಕೇ ಬರೆದಳು.

'ಕೊಟ್ಟೀನ್ರಿ. ಕರೆಂಟ್ ಯಾಕ ಬೇಕಂದ್ರ, ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯೊಳಗ ಇಪ್ಪತ್ತಾರು ವರ್ಷ ತೂಕದ ಚೀಟಿ ಬರದೀನ್ರಿ ನಾ. ಹತ್ತಿ ಧೂಳಿ ಪುಪ್ಪಸದಾಗ ಕುಂತೈತಿ. ಮೂಗಿಗೆ ಗಾಳಿ ಕೊಡೋ ಮಷೀನ್ ಐತಿ, ಅದು ಕರೆಂಟಿನ ಮ್ಯಾಲೆ ನಡೀತೈತಿ. ರಾತ್ರಿ ಕೆಮ್ಮಿಗೆ ನಿದ್ದಿ ಬರಂಗಿಲ್ಲ, ಮಧ್ಯಾಹ್ನ ಮಲಗತಿದ್ದೆ. ಈಗ ಮಲಗಿದ್ರ ಮನಿ ಖಾಲಿ ಅಂತ ಕರೆಂಟ್ ತಗೀತೈತಿ. ಹಂಗಾಗಿ ಹತ್ತು ನಿಮಿಷಕ್ಕೊಮ್ಮೆ ಕೀಲಿ ಒತ್ತಕೋಂತ ಕುಂದರತೀನಿ. ಮೊನ್ನೆ ಮಂಗಳವಾರ ಕಣ್ಣು ಹತ್ತಿತ್ರಿ. ಎಚ್ಚರಾದಾಗ ಕನ್ನಡಿ ನೋಡಕೊಂಡೆ, ತುಟಿ ನೀಲಿ ಆಗಿದ್ವು. ಅರ್ಜಿ ಕೊಟ್ರ, ನಿಮ್ಮ ಮನ್ಯಾಗ ಯಾರೂ ಇಲ್ಲಂತ ದಾಖಲಿ ಐತಿ, ರೋಗಿ ಎಲ್ಲಿಂದ ಬಂದ್ರು ಅಂತ ಕೇಳಿದ್ರು.'

ಅವನು ಆ ಪುಟವನ್ನು ಎರಡು ಸಲ ಓದಿದ. ನಿಮ್ಮ ಜೊತೆ ಯಾರೂ ಇಲ್ಲವೇ ಎಂದು ಕೇಳಬೇಕೆನಿಸಿತು. ಆದರೆ ಅದು ದೂರಿಗೆ ಸಂಬಂಧಪಟ್ಟ ಪ್ರಶ್ನೆಯಲ್ಲ ಎಂದು ಬಿಟ್ಟುಬಿಟ್ಟ. ಹೀಗೆ ಬಿಟ್ಟದ್ದೇ ತಪ್ಪಾಯಿತು ಎಂಬುದು ಅವನಿಗೆ ಆಮೇಲೆ ತಿಳಿಯಿತು.

ಕಚೇರಿಯಲ್ಲಿ ಪರೀಕ್ಷೆಗೆಂದೇ ಒಂದು ಕೋಣೆ ಇತ್ತು. ಮಂಚ, ಸೋಫಾ, ಊಟದ ಮೇಜು, ಗೋಡೆಯ ಮೇಲೆ ಪೆಟ್ಟಿಗೆ, ಥೇಟ್ ಮನೆಯ ಹಾಗೆ. ಪ್ರೋಗ್ರಾಂ ಬರೆಯುವ ಅನ್ಸಾರ್, ಬಿಡುವು ಮಾಡಿಕೊಂಡು ಸೋಫಾದ ಮೇಲೆ ಕಲ್ಲಿನ ಹಾಗೆ ಒಂದು ಗಂಟೆ ಕೂತ. ಪರಶಿವಮೂರ್ತಿ ಪಕ್ಕದಲ್ಲಿ ನಿಂತು ಬರೆದುಕೊಂಡ. ಯಾವ ಪರೀಕ್ಷೆಯನ್ನಾದರೂ ಜೋಡಿಯಾಗಿಯೇ ಮಾಡುವುದು ಅಲ್ಲಿಯ ಶಿಸ್ತು. ಒಬ್ಬರು ಕೂರಬೇಕು, ಒಬ್ಬರು ಬರೆಯಬೇಕು.

"ಏನ್ ಹೇಳ್ತಿದೆ ಸಾರ್?" ಎಂದು ಅನ್ಸಾರ್ ತುಟಿ ಅಲ್ಲಾಡಿಸದೆ ಕೇಳಿದ.

"ಮನೆಯಲ್ಲಿ ಇಬ್ಬರು ಇದ್ದಾರೆ ಅಂತಿದೆ."

"ಸರಿಯಾಗೇ ಇದೆಯಲ್ಲ ಹಾಗಾದ್ರೆ. ಆ ಯಮ್ಮನ ಪೆಟ್ಟಿಗೇನೇ ಕೆಟ್ಟಿರ್ಬೇಕು."

ಆದರೆ ಗದಗದ ವಿದ್ಯುತ್ ಕಚೇರಿಯವರು ಮೊದಲೇ ಪೆಟ್ಟಿಗೆಯನ್ನು ಬದಲಾಯಿಸಿಯೂ ಆಗಿತ್ತು. ಹೊಸ ಪೆಟ್ಟಿಗೆ ಹದಿನಾಲ್ಕು ದಿನ ನೆಟ್ಟಗಿತ್ತು, ಹದಿನೈದನೆಯ ದಿನ ಮತ್ತೆ ಮನೆ ಖಾಲಿ ಎಂದಿತು. ಇನ್ನೊಂದು ಕೊಡುವುದಿಲ್ಲ ಎಂದು ಹೇಳಿ ಹೋಗಿದ್ದರು.

ಶುಕ್ರವಾರ ಊಟದ ಹೊತ್ತಿಗೆ ಮುಖ್ಯಸ್ಥೆ ಜೆಸಿಂತಾ ಮೇಡಂ ತಮ್ಮ ಡಬ್ಬಿ ತೆಗೆದುಕೊಂಡು ಅವನ ಮೇಜಿಗೆ ಬಂದರು. ಮಂಗಳೂರಿನವರು, ಮೈಸೂರಿಗೆ ಬಂದು ಮೂವತ್ತು ವರ್ಷವಾದರೂ ಮಾತು ಅಲ್ಲಿಯದೇ.

"ಆ ಗದಗದ್ದು ಎಂತ ಆಯ್ತು?"

"ಇನ್ನೂ ಯಾರೂ ಒತ್ತಿಲ್ಲ ಮೇಡಂ."

"ಇನ್ನು ಮೂರು ದಿನ ಉಂಟು. ಸೋಮವಾರಕ್ಕೆ ಅದು ಮುಚ್ಚಿಹೋಗ್ತದೆ. ನನಗೂ ಬೇಜಾರುಂಟು ಮಾರಾಯ್ರೆ. ಒಬ್ಬರಿಗೋಸ್ಕರ ನಿಯಮ ಮುರಿದರೆ ನಾಳೆ ಮೂರು ಸಾವಿರ ಜನ ಬಂದು ನಿಲ್ತಾರೆ." ಅವರ ಕಣ್ಣು ಅವನ ಡಬ್ಬಿಯ ಮೇಲೆ ಬಿತ್ತು. "ಹುರುಳಿ ಚಟ್ನಿಯಾ? ನಿಮ್ಮ ಇಂದ್ರಾಣಿಯ ಕೈಗುಣವೇ ಬೇರೆ ಬಿಡಿ."

"ಹೇಳ್ತೀನಿ ಮೇಡಂ, ಖುಷಿಪಡ್ತಾಳೆ."

ಇಂದ್ರಾಣಿ ಅವನನ್ನು ಬಿಟ್ಟು ಹಾಸನದ ಅಕ್ಕನ ಮನೆಗೆ ಹೋಗಿ ಮೂರು ವರ್ಷವಾಗಿತ್ತು. ಜಗಳವೇನೂ ಆಗಿರಲಿಲ್ಲ. 'ನಿಮ್ಮ ಜೊತೆ ಇದ್ದರೂ ಒಬ್ಬಳೇ ಇದ್ದ ಹಾಗೆ' ಎಂದು ಹೇಳಿ ಹೋಗಿದ್ದಳು. ಮೊದಲ ವಾರ ಯಾರಿಗೂ ಹೇಳಲು ನಾಚಿಕೆಯಾಯಿತು. ಒಂದು ತಿಂಗಳಾದ ಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರಲ್ಲ ಎಂದು ನಾಚಿಕೆಯಾಯಿತು. ಹೀಗೆ ಮೂರು ವರ್ಷದಿಂದ ಅವನು ಬೆಳಿಗ್ಗೆ ಐದಕ್ಕೆದ್ದು ಅಡುಗೆ ಮಾಡಿ, ಡಬ್ಬಿ ಕಟ್ಟಿ, ಹೊಗಳಿಕೆಯನ್ನೆಲ್ಲ ಅವಳಿಗೆ ಬಿಟ್ಟುಕೊಡುತ್ತ ಬಂದಿದ್ದ.

ಭಾನುವಾರ ಮಧ್ಯಾಹ್ನ ಮನೆಯಲ್ಲಿ ಊಟ ಮುಗಿಸಿ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡ. ಸಾಮಾನ್ಯವಾಗಿ ಭಾನುವಾರ ಉಂಡು ಮಲಗಿಬಿಡುವವನು ಅವತ್ತು ಆ ದೂರನ್ನು ಮೊದಲಿನಿಂದ ಓದೋಣವೆಂದು ಕೂತಿದ್ದ. ಸ್ವಲ್ಪ ಹೊತ್ತಿಗೆ ತಲೆಯ ಮೇಲಿನ ಫ್ಯಾನು ನಿಂತಿತು. ಭಾನುವಾರ ಹೀಗಾಗುವುದು ಹೊಸದೇನಲ್ಲ. ಬೀದಿಗೆಲ್ಲ ಹೋಗಿರಬೇಕು ಎಂದು ಅವನು ಯಾವಾಗಲೂ ಅಂದುಕೊಳ್ಳುತ್ತಿದ್ದ. ಆದರೆ ಅವತ್ತು ಪಕ್ಕದ ಮನೆಯ ಟೀವಿಯಲ್ಲಿ ಕ್ರಿಕೆಟ್ಟು ಜೋರಾಗಿ ನಡೆಯುತ್ತಿತ್ತು. ಬ್ಯಾಟರಿಯ ಮೇಲೆ ಉರಿಯುತ್ತಿದ್ದ ಪರದೆಯ ಮೂಲೆಯನ್ನು ನೋಡಿದ. ಸಣ್ಣ ಅಕ್ಷರದಲ್ಲಿ 'ಮನೆ ಖಾಲಿ ಇದೆ' ಎಂದಿತ್ತು.

ಕೈ ಎತ್ತಿ ಬೀಸಿದ. ಪೆಟ್ಟಿಗೆಗೆ ಅದೂ ಸಾಲಲಿಲ್ಲ. ಲಾಗ್ ತೆರೆದ.

ಪೆಟ್ಟಿಗೆ ಮೊದಲು ಮಾಡುವ ಕೆಲಸವೆಂದರೆ ಮನೆಯಲ್ಲಿ ಸದಾ ಅಲ್ಲಾಡುತ್ತಿರುವ ಸಾಮಾನುಗಳ ಪಟ್ಟಿ ಮಾಡಿ, ಅವುಗಳನ್ನು ಕಂಡೂ ಕಾಣದ ಹಾಗೆ ಬಿಟ್ಟುಬಿಡುವುದು. ಇಲ್ಲದಿದ್ದರೆ ಪರದೆ ಬಟ್ಟೆ ಅಲ್ಲಾಡಿದರೂ ಮನುಷ್ಯ ಎನ್ನಬೇಕಾಗುತ್ತದೆ. ಪಟ್ಟಿ ಹೀಗಿತ್ತು: ಒಂದು, ಫ್ಯಾನು. ಎರಡು, ಕಿಟಕಿಯ ಪರದೆ. ಮೂರು, ಫ್ರಿಜ್ಜು. ಹೀಗೇ ಹೋಗಿ ಏಳನೆಯದು: 'ಹೆಸರಿಲ್ಲದ ಸಾಮಾನು. ಕಂಪನ ನಿಮಿಷಕ್ಕೆ ಹದಿನಾರು. ಸ್ಥಳ: ಕುರ್ಚಿ, ಮಂಚ, ಅಡುಗೆ ಕಟ್ಟೆ. ದಿನವೂ ಅದೇ ಹೊತ್ತಿಗೆ ಅದೇ ದಾರಿ.'

ಪರಶಿವಮೂರ್ತಿ ಗಡಿಯಾರ ನೋಡಿಕೊಂಡು ತನ್ನ ಉಸಿರು ಎಣಿಸಿದ. ಹದಿನಾರು.

ಕೆಳಗೆ ಕಾರಣವೂ ಇತ್ತು. ಒಂಟಿ ದನಿಯನ್ನು ಪೆಟ್ಟಿಗೆ ನಂಬುವುದಿಲ್ಲ. ಅದು ರೇಡಿಯೋ ಇರಬಹುದು, ಟೀವಿ ಇರಬಹುದು. ಮನೆಯೊಳಗೆ ಎರಡು ಬಾಯಿ ಒಂದಕ್ಕೊಂದು ಉತ್ತರ ಕೊಟ್ಟರೆ ಮಾತ್ರ ಮನುಷ್ಯರಿದ್ದಾರೆ ಎಂದು ತಿಳಿದು ಪಟ್ಟಿಯನ್ನು ಮತ್ತೆ ಪರಿಶೀಲಿಸುತ್ತದೆ. ಹದಿನಾಲ್ಕು ದಿನ ಅಂಥ ಮಾತು ಕೇಳಿಸದೆ, ಒಂದೇ ರೀತಿ ಓಡಾಡುವುದೇನಾದರೂ ಇದ್ದರೆ ಅದು ಸಾಮಾನು. ಇದನ್ನು ಬರೆದವರು ಕೆಟ್ಟವರೇನಲ್ಲ. ಜೋಡಿಯಾಗಿ ಕೂತು, ಮಾತಾಡುತ್ತ, ನಗುತ್ತ ಪರೀಕ್ಷೆ ಮಾಡಿದವರು. ಹದಿನಾಲ್ಕು ದಿನ ಮಾತಿಲ್ಲದ ಮನೆ ಇರುತ್ತದೆ ಎಂದು ಅವರಿಗೆ ಹೊಳೆದಿರಲೇ ಇಲ್ಲ.

ಕೊನೆಯ ಸಾಲನ್ನು ಅವನು ತುಂಬ ಹೊತ್ತು ನೋಡಿದ. 'ಕೊನೆಯ ಸಂಭಾಷಣೆ: 412 ದಿನಗಳ ಹಿಂದೆ. ಅವಧಿ: 11 ನಿಮಿಷ.' ಯಾರಿರಬಹುದು ಎಂದು ಯೋಚಿಸಿದ. ಗೀಸರ್ ರಿಪೇರಿಗೆ ಬಂದಿದ್ದವನು. ಥರ್ಮೋಸ್ಟಾಟ್ ಹೋಗಿದೆ ಎಂದಿದ್ದ, ಕಾಫಿ ಕುಡಿದುಕೊಂಡು ಹೋಗಿದ್ದ.

ಈಗ ಮಾಡಬೇಕಾದ್ದು ಸಲೀಸು. 'ನನಗೂ ಹೀಗೇ' ಒತ್ತಿ ಲಾಗ್ ಲಗತ್ತಿಸಿದರೆ ಆಯಿತು. ಆದರೆ ಲಾಗನ್ನು ತಿದ್ದುವ ಹಾಗಿಲ್ಲ, ಹೆಸರು ಮರೆಸುವ ಹಾಗಿಲ್ಲ. ಜೆಸಿಂತಾ ಮೇಡಂ ಓದುತ್ತಾರೆ, ಅನ್ಸಾರ್ ಓದುತ್ತಾನೆ, ಮೂರು ವರ್ಷದ ಡಬ್ಬಿಯ ಸುಳ್ಳು ಒಂದೇ ಸಾಲಿನಲ್ಲಿ ಬಯಲಾಗುತ್ತದೆ. ಎದ್ದು ಹೋಗಿ ನೀರು ಕುಡಿದ. ನಾಳೆಯೊಳಗೆ ಬೇರೆ ಯಾರಾದರೂ ಒತ್ತಬಹುದು ಎಂದು ತನಗೆ ತಾನೇ ಹೇಳಿಕೊಂಡ. ಯಾರೂ ಒತ್ತುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ತನ್ನ ಹಾಗೆಯೇ ಎಲ್ಲರೂ ಬೀದಿಗೆಲ್ಲ ಕರೆಂಟು ಹೋಗಿದೆ ಎಂದುಕೊಂಡು ಬೀಸಣಿಗೆ ಹಿಡಿದು ಕೂತಿರುತ್ತಾರೆ.

ಮತ್ತೆ ಬಂದು ದೂರಿನ ಪುಟ ತೆರೆದ. ಹೇಗಿದ್ದರೂ ಕೀಲಿ ಒತ್ತಲೇಬೇಕಲ್ಲ ಎಂದು ಫಕೀರವ್ವ ಕೆಲವು ದಿನದಿಂದ ಆ ಪುಟದಲ್ಲೇ ಬರೆಯತೊಡಗಿದ್ದಳು. ಹತ್ತು ನಿಮಿಷಕ್ಕೊಂದು ಸಾಲು, ಅದೇ ಸಾಲು.

12:10. 'ಎಚ್ಚರ ಅದೀನ್ರಿ.'

12:20. 'ಎಚ್ಚರ ಅದೀನ್ರಿ.'

ಹೀಗೆ ಪುಟದ ಉದ್ದಕ್ಕೂ. ಕೊನೆಯದು 2:40ರದ್ದು. ಅವನು ಗಡಿಯಾರ ನೋಡಿದ, ಮೂರು ಗಂಟೆ. ಪುಟವನ್ನು ಮತ್ತೆ ತೆರೆದ, ಹೊಸದೇನೂ ಇಲ್ಲ. ಮೂರೂ ಐದು. ಅವಳ ಫೋನ್ ನಂಬರ್ ಅವನ ಬಳಿ ಇರಲಿಲ್ಲ, ಇಟ್ಟುಕೊಳ್ಳಬಾರದೆಂಬುದೇ ನಿಯಮ. ಗದಗ ಎಷ್ಟು ದೂರ, ಯಾರಿಗೆ ಹೇಳುವುದು, ಏನೆಂದು ಹೇಳುವುದು. ತನ್ನ ಮಾನಕ್ಕೋಸ್ಕರ ಒಂದು ಜೀವವನ್ನು ಕಾಯಿಸುತ್ತಿದ್ದೇನೆ ಎಂದು ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಗುಂಡಿ ಒತ್ತಿದ, ಲಾಗನ್ನು ಪೂರ್ತಿ ಲಗತ್ತಿಸಿದ, ಕೆಳಗೆ ಬರೆದ: 'ನನಗೂ ಹೀಗೇ ಆಗುತ್ತಿದೆ. ನಾನೂ ಒಬ್ಬನೇ ಇರುವುದು.'

3:09ಕ್ಕೆ ಒಂದು ಸಾಲು ಬಂತು. 'ಎಚ್ಚ ಅದೀನ್ರಿ.' ಅಕ್ಷರ ಬಿಟ್ಟುಹೋಗಿತ್ತು. ಅವನು ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟ.

ಸೋಮವಾರ ಕಚೇರಿಯಲ್ಲಿ ಯಾರೂ ಅವನ ಮುಖ ನೋಡಲಿಲ್ಲ, ಎಲ್ಲರೂ ಓದಿದ್ದಾರೆ ಎಂದು ಅದರಲ್ಲೇ ಗೊತ್ತಾಯಿತು. ಆ ಹೊತ್ತಿಗೆ ಗುಂಡಿ ಒತ್ತಿದವರು ನಲವತ್ತು ಜನ ಆಗಿದ್ದರು. ಸಂಜೆಗೆ ಮುನ್ನೂರು ದಾಟಿತು. ಕಾರವಾರ, ಕೋಲಾರ, ಬೀದರ್. ಲಾಗ್ ಎಲ್ಲಿ ಹುಡುಕಬೇಕೆಂದು ಒಬ್ಬರು ತೋರಿಸಿಕೊಟ್ಟ ಮೇಲೆ ಉಳಿದವರಿಗೆ ಧೈರ್ಯ ಬಂದಿತ್ತು.

ಅವತ್ತು ಮಧ್ಯಾಹ್ನ ಊಟದ ಹೊತ್ತಿಗೆ ಜೆಸಿಂತಾ ಮೇಡಂ ಬಂದು ಎದುರಿಗೆ ಕೂತರು. "ಆ ಹುರುಳಿ ಚಟ್ನಿ ನೀವೇ ಮಾಡ್ತಿದ್ದದ್ದಾ?" ಎಂದರು.

"ಹೂಂ ಮೇಡಂ."

"ಮೂರು ವರ್ಷ ನಾನು ಎದುರಿಗೇ ಕೂತು ಊಟ ಮಾಡಿದ್ದೇನೆ. ಒಮ್ಮೆಯೂ ನಿಮ್ಮ ಮನೆಗೆ ಬರಬೇಕು ಅಂತ ನನಗೆ ಕಂಡಿಲ್ಲ ನೋಡಿ." ಅವರು ತಮ್ಮ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದರು. "ಬರುವ ಭಾನುವಾರ ನಾನೂ ನಮ್ಮ ಯಜಮಾನರೂ ಬರ್ತೇವೆ. ನೀರುದೋಸೆ ಮಾಡಿ ತರ್ತೇನೆ."

ಯಾರಾದರೂ ಹೀಗೆ ಹೇಳಲಿ ಎಂದು ಅವನು ಎಷ್ಟು ಭಾನುವಾರ ಕಾದಿದ್ದನೋ. ಆದರೆ ತಲೆ ಅಲ್ಲಾಡಿಸಬೇಕಾಯಿತು.

"ಈಗ ಬೇಡಿ ಮೇಡಂ. ಅನ್ಸಾರ್ ನಾಳೆ ತಿದ್ದಿ ಕೊಡ್ತಾನೆ. ಅದು ನಿಲ್ಲುತ್ತೋ ಇಲ್ಲವೋ ನೋಡೋಕೆ ಹದಿನಾಲ್ಕು ದಿನ ಮಾತಿಲ್ಲದ ಮನೆ ಬೇಕು. ನನ್ನ ಮನೆಗೆ ಯಾರಾದರೂ ಬಂದರೆ ಪರೀಕ್ಷೆ ಕೆಟ್ಟುಹೋಗುತ್ತೆ."

ಅನ್ಸಾರ್ ತಿದ್ದಿದ್ದು ಒಂದೇ ಸಾಲು. ಉಸಿರಾಡುವ ಯಾವುದನ್ನೂ ಸಾಮಾನಿನ ಪಟ್ಟಿಗೆ ಸೇರಿಸಬಾರದು. "ನಾಯಿ ಬೆಕ್ಕು ಇದ್ರೂ ಮನೆ ಖಾಲಿ ಅನ್ನಲ್ಲ ಸಾರ್ ಇದು," ಎಂದ. "ಇರ್ಲಿ ಬಿಡು, ಅವಕ್ಕೂ ಸೆಕೆಯಾಗುತ್ತೆ," ಎಂದ ಪರಶಿವಮೂರ್ತಿ.

ಹೊಸ ಪ್ರತಿಯನ್ನು ಅವನು ಮಂಗಳವಾರ ಹಾಕಿಕೊಂಡ. ಅದು ಪೆಟ್ಟಿಗೆಯೊಳಗಿನ ಹಳೆಯ ಪಟ್ಟಿಯನ್ನೂ ಅಳಿಸಿಹಾಕಿತು. ಫಕೀರವ್ವನಿಗೆ ಬೇಕೆಂದೇ ಒಂದು ದಿನ ತಡಮಾಡಿ ಬುಧವಾರ ಕಳಿಸಿದ. 'ಹದಿನಾಲ್ಕು ದಿನ ನೀವು ನಿಶ್ಚಿಂತೆಯಾಗಿ ಮಲಗಬಹುದು. ಹದಿನೈದನೆಯ ದಿನ ಏನಾಗುತ್ತದೋ ನನಗೆ ಗೊತ್ತಿಲ್ಲ. ಅದು ನನ್ನ ಮನೆಗೆ ಒಂದು ದಿನ ಮುಂಚೆ ಬರುತ್ತದೆ. ನಾನು ಹೇಳುವವರೆಗೆ ಆ ದಿನ ಮಲಗಬೇಡಿ' ಎಂದು ಬರೆದ.

ಒಂಟಿಯಾಗಿರುವುದು ಅವನಿಗೆ ಅಭ್ಯಾಸವಾಗಿತ್ತು. ಆದರೆ ಒಂಟಿಯಾಗಿರಬೇಕೆಂದು ಇರುವುದು ಬೇರೆಯೇ ಕಷ್ಟ. ಪಕ್ಕದ ಮನೆಯವರು ಕೊರಿಯರ್ ಕೊಡಲು ಬಂದಾಗ ಬಾಗಿಲಾಚೆಗೇ ಹೋಗಿ ಮಾತಾಡಿದ. ಗ್ಯಾಸಿನವನನ್ನು ಮುಂದಿನ ವಾರ ಬಾ ಎಂದ. ಆ ಹದಿನಾಲ್ಕು ದಿನ ಮನೆ ಎಷ್ಟು ಸದ್ದಿಲ್ಲದೆ ಇದೆ ಎಂಬುದು ಮೊದಲ ಸಲ ಕಿವಿಗೆ ಬಿತ್ತು. ಇಂದ್ರಾಣಿ ಇದನ್ನು ಎಷ್ಟು ವರ್ಷ ಕೇಳಿಸಿಕೊಂಡಿದ್ದಳೋ ಎಂದು ಯೋಚಿಸಿದ.

ಹದಿನೈದನೆಯ ದಿನ ರಜೆ ಹಾಕಿದ. ಹನ್ನೆರಡಕ್ಕೆ ಕುರ್ಚಿಯಲ್ಲಿ ಕೂತ. ಕೀಲಿಮಣೆಯನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದ, ಕೈ ಸುಮ್ಮನಿರಲಿಕ್ಕಿಲ್ಲವೆಂದು. ಒಂದಾಯಿತು, ಎರಡಾಯಿತು. ಕಾಲು ಜೋಮು ಹಿಡಿಯಿತು. ಉಸಿರು ಬಿಟ್ಟು ಬೇರೇನನ್ನೂ ಮಾಡದೆ, ಪರದೆಯ ಮೂಲೆಯ ಆ ಸಣ್ಣ ಅಕ್ಷರಗಳನ್ನೇ ನೋಡುತ್ತ ಕೂತ. ನಾಲ್ಕು ಹೊಡೆದಾಗಲೂ ಫ್ಯಾನು ತಿರುಗುತ್ತಲೇ ಇತ್ತು. ಮೂಲೆಯಲ್ಲಿ 'ಮನೆಯಲ್ಲಿ ಒಬ್ಬರು ಇದ್ದಾರೆ' ಎಂದೇ ಇತ್ತು.

ಕೀಲಿಮಣೆ ತೆಗೆದು ಬರೆದ: 'ನಾಳೆ ಮಲಗಿ.'

ಮರುದಿನ ಕಚೇರಿಯಲ್ಲಿ ಹನ್ನೆರಡರಿಂದ ಅವನಿಗೆ ಯಾವ ಕೆಲಸವೂ ಓಡಲಿಲ್ಲ. ಜೆಸಿಂತಾ ಮೇಡಂ ಎರಡು ಸಲ ಬಂದು ಹಿಂದೆ ನಿಂತು ಹೋದರು. ನಾಲ್ಕೂ ಕಾಲಿಗೆ ಪುಟದಲ್ಲಿ ಸಾಲು ಮೂಡಿತು.

'ಹನ್ನೆರಡೂವರಿಗೆ ಮಲಗಿದ್ನಿರಿ. ಈಗ ಎದ್ದೆ. ಮಷೀನ್ ನಡದೈತಿ. ಭಾಳ ದಿನದ ಮ್ಯಾಲೆ ಕನಸು ಬಿತ್ರಿ.'

ಇನ್ನು ಅವನು ದೂರನ್ನು 'ಸರಿಯಾಗಿದೆ' ಎಂದು ಮುಚ್ಚಬೇಕು. ಮುಚ್ಚಿದರೆ ತಿದ್ದಿದ ಪ್ರತಿ ರಾತ್ರಿಯೊಳಗೆ ಎಲ್ಲ ಮನೆಗಳಿಗೂ ಹೋಗುತ್ತದೆ. ಅಷ್ಟು ಹೊತ್ತಿಗೆ ಎರಡು ಸಾವಿರದ ಮುನ್ನೂರು ಜನ ಅದಕ್ಕೆ ಕಾದಿದ್ದರು. ಆದರೆ ಮುಚ್ಚಿದ ಪುಟದಲ್ಲಿ ಮತ್ತೆ ಯಾರೂ ಬರೆಯುವ ಹಾಗಿಲ್ಲ. ಕೈ ಗುಂಡಿಯ ಮೇಲಿದ್ದಾಗ ಇನ್ನೊಂದು ಸಾಲು ಬಂತು.

'ಇನ್ನ ಏನೂ ಕೆಡಲಿಲ್ಲಂದ್ರ ನಿಮಗ ಬರಿಯೋದು ಹೆಂಗ್ರಿ?'

ಪರಶಿವಮೂರ್ತಿ ತಿರುಗಿ ನೋಡಿದ. ಜೆಸಿಂತಾ ಮೇಡಂ ಅದನ್ನು ಓದಿ, ನಿಯಮದ ಮಾತೆತ್ತದೆ ಕಿಟಕಿಯ ಕಡೆ ಹೊರಟುಹೋದರು. ಎರಡು ಸಾವಿರದ ಮುನ್ನೂರು ಜನ ಓದುವ ಪುಟದಲ್ಲಿ ಅವನು ತನ್ನ ಫೋನ್ ನಂಬರನ್ನು ಬರೆದ. ಬರೆದು, ದೂರನ್ನು ಮುಚ್ಚಿದ.

ಹತ್ತು ನಿಮಿಷಕ್ಕೆ ಫೋನು ಬಂತು. ಗದಗದ ನಂಬರು. ಎತ್ತಿ ಹಲೋ ಎಂದ. ಆ ಕಡೆಯಿಂದ ಮಾತಿಲ್ಲ, ಮಷೀನಿನ ಸದ್ದು, ಅದರ ನಡುವೆ ಒಂದು ಉಸಿರು, ಇನ್ನೊಂದು ಉಸಿರು. ಮಾತು ಶುರುಮಾಡಲು ಅವಳಿಗೆ ದಮ್ಮು ಕೂಡುತ್ತಿರಲಿಲ್ಲ.

"ಅವಸರ ಇಲ್ಲ ಫಕೀರವ್ವ," ಎಂದ ಪರಶಿವಮೂರ್ತಿ. "ನಿಧಾನಕ್ಕೆ ಹೇಳಿ. ನಾನು ಇಲ್ಲೇ ಇದ್ದೀನಿ."